ತೆಳುಗಾಳಿಯ ಊರಿನಲ್ಲಿ ಡೈನೊ

ಎಂಜಿನ್ನಿನ ಶಕ್ತಿಯನ್ನು ಅಳೆಯಬೇಕೆಂದರೆ ಅದನ್ನು ತಡೆದು ಹಿಡಿಯಬೇಕು. ಗೇರ್ ಹಾಕದೆ ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತದೆ, ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ಆದರೆ ಎಂಜಿನ್ನಿನಲ್ಲಿ ಎಷ್ಟು ಕಸುವಿದೆ ಎಂಬುದು ಗೊತ್ತಾಗುವುದಿಲ್ಲ. ಬಾವಿಯಿಂದ ತುಂಬಿದ ಕೊಡ ಸೇದುವಾಗ ತೋಳಿನ ಬಲ ತಿಳಿಯುತ್ತದೆ. ಬರಿ ಹಗ್ಗ ಎಳೆದರೆ ಏನು ತಿಳಿದೀತು? ಎಂಜಿನ್ನಿಗೆ ಹೀಗೆ ಲೆಕ್ಕವಿಟ್ಟು ಭಾರ ಹೊರಿಸುವ ಯಂತ್ರವೇ ಡೈನಮೊಮೀಟರ್. ಗ್ಯಾರೇಜಿನವರ ಬಾಯಲ್ಲಿ ಡೈನೊ. ಅದರ ಮೇಲೆ ಕಾರನ್ನು ಓಡಿಸಿ, ಎಂಜಿನ್ನಿನ ಕಂಪ್ಯೂಟರಿಗೆ ಪೆಟ್ರೋಲು ಎಷ್ಟು ಸುರಿಯಬೇಕು, ಕಿಡಿ ಯಾವಾಗ ಹಾರಿಸಬೇಕು ಎಂದು ಹೇಳಿಕೊಡುವ ಕೆಲಸಕ್ಕೆ ಟ್ಯೂನಿಂಗ್ ಎನ್ನುತ್ತಾರೆ.

ಈ ಕೆಲಸ ಕಲಿಸುವ ಕಾರ್ಯಾಗಾರವೊಂದಕ್ಕೆ ನಾನು ಸೇರಿಕೊಂಡದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ. ಬೆಂಗಳೂರಿನ ಪಶ್ಚಿಮ ಭಾಗವನ್ನು ಬಲ್ಲವರಿಗೆ ಈ ಜಾಗ ಆಶ್ಚರ್ಯ ತರಲಾರದು. ಇಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಗಲ್ಲಿಗಲ್ಲಿಯಲ್ಲಿ ಲೇತು, ಮಿಲ್ಲಿಂಗ್ ಯಂತ್ರ, ಗ್ರೈಂಡರುಗಳ ಸದ್ದಿದೆ. ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದೂ ಇಲ್ಲೇ. ಒಂದು ಮಿಲಿಮೀಟರಿನ ನೂರನೇ ಭಾಗ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವ ಜನರ ನೆರೆಹೊರೆ ಇದು. ಅಳತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೀದಿ ಸಿಗಲಾರದು.

ಕಾರ್ಯಾಗಾರ ನಡೆದ ಶೀಟಿನ ಮಾಡಿನ ಶೆಡ್ಡಿನಲ್ಲಿ ನೆಲದ ಮಟ್ಟಕ್ಕೆ ಎರಡು ಉಕ್ಕಿನ ರೋಲರುಗಳು. ಅವುಗಳ ಮೇಲೆ ಮುಂದಿನ ಚಕ್ರಗಳನ್ನು ಊರಿಸಿ ನಿಲ್ಲಿಸಿದ ಒಂದು ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕು, ನಾಲ್ಕೂ ಕಡೆ ಬಿಗಿದ ಪಟ್ಟಿಗಳು, ರೇಡಿಯೇಟರಿಗೆ ಎದುರಾಗಿ ಆಳೆತ್ತರದ ಫ್ಯಾನು, ಸೈಲೆನ್ಸರಿನ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ. ಕಲಿಯಲು ಬಂದವರಲ್ಲಿ ವಿಜಯನಗರದಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿರುವ ಹಿರಿಯರೊಬ್ಬರಿದ್ದರು, ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿದ್ದರು, ಬಸವೇಶ್ವರನಗರದಿಂದ ಬಂದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಇದ್ದರು. ಹೇಳಿಕೊಡುವವರು ಮೂವತ್ತರ ಆಸುಪಾಸಿನ ಯುವಕ. ಮೊದಲ ಓಟ ಮುಗಿದು ಪರದೆಯ ಮೇಲೆ ಗೆರೆ ಮೂಡುತ್ತಿದ್ದಂತೆ ಗ್ಯಾರೇಜಿನ ಹಿರಿಯರು ಕೇಳಿದರು: "ಸಾರ್, ನಂಬರ್ ಎಷ್ಟು ಬಂತು?"

"ನಂಬರ್ ಆಮೇಲೆ ನೋಡೋಣ ಅಣ್ಣ. ಮೊದಲು ಗೋಡೆ ಮೇಲಿರೋ ಒತ್ತಡ, ಟೆಂಪರೇಚರ್ ಬರ್ಕೊಳ್ಳಿ."

ಇಡೀ ಕಾರ್ಯಾಗಾರದ ತಿರುಳು ಆ ಮಾತಿನಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಬರುವ ಮುನ್ನ ಯಂತ್ರ ಏನನ್ನು ಅಳೆಯುತ್ತದೆ ಎಂಬುದನ್ನು ನೋಡಿಕೊಳ್ಳಬೇಕು.

ಎಂಜಿನ್ನನ್ನು ತಡೆದು ಅಳೆಯುವ ಉಪಾಯ ಹಳೆಯದು. ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ 1821ರಲ್ಲಿ ತಿರುಗುವ ಚಕ್ರದ ಸುತ್ತ ಮರದ ದಿಮ್ಮಿಗಳನ್ನು ಬಿಗಿದು, ಅದಕ್ಕೊಂದು ಉದ್ದನೆಯ ತೋಳು ಸೇರಿಸಿ, ತೋಳಿನ ತುದಿಗೆ ತೂಕ ನೇತುಹಾಕಿದ. ಚಕ್ರ ತೋಳನ್ನು ತನ್ನ ಜೊತೆ ತಿರುಗಿಸಲು ನೋಡುತ್ತದೆ, ತೂಕ ಬಿಡುವುದಿಲ್ಲ. ತೂಕವನ್ನು ತೋಳಿನ ಉದ್ದದಿಂದ ಗುಣಿಸಿದರೆ ತಿರುಗಿಸುವ ಬಲ, ಅಂದರೆ ಟಾರ್ಕ್ ಸಿಕ್ಕಿತು. ಮರ ಉಜ್ಜಿ ಸುಟ್ಟುಹೋಗುವುದೊಂದೇ ತೊಂದರೆ. ಹಡಗುಗಳ ದೊಡ್ಡ ಎಂಜಿನ್ನುಗಳನ್ನು ಅಳೆಯಲು ಇಂಗ್ಲೆಂಡಿನ ವಿಲಿಯಂ ಫ್ರೌಡ್ 1877ರಲ್ಲಿ ಮರದ ಬದಲು ನೀರನ್ನು ತಂದ. ಎಂಜಿನ್ನು ನೀರನ್ನು ಕಡೆಯುತ್ತದೆ, ನೀರು ಬಿಸಿಯಾಗಿ ಹರಿದು ಹೋಗುತ್ತದೆ. ಇಂದಿನ ಬಹಳಷ್ಟು ಡೈನೊಗಳಲ್ಲಿ ತಡೆಯುವುದು ಅಯಸ್ಕಾಂತ. ಕಾಂತಕ್ಷೇತ್ರದಲ್ಲಿ ಲೋಹದ ತಟ್ಟೆ ತಿರುಗಿದರೆ ಅದರೊಳಗೇ ಸುಳಿಯಂಥ ವಿದ್ಯುತ್ ಪ್ರವಾಹಗಳು ಹುಟ್ಟಿ, ತಟ್ಟೆಯ ಓಟವನ್ನು ವಿರೋಧಿಸುತ್ತವೆ ಎಂದು ಲಿಯಾನ್ ಫೂಕೋ 1855ರಲ್ಲಿ ತೋರಿಸಿದ್ದ. ಅಯಸ್ಕಾಂತದ ಸುರುಳಿಗೆ ಕೊಡುವ ಕರೆಂಟನ್ನು ಹೆಚ್ಚು ಕಡಿಮೆ ಮಾಡಿದರೆ ತಡೆಯೂ ಹೆಚ್ಚು ಕಡಿಮೆಯಾಗುತ್ತದೆ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ, ಸವೆಯುವುದಿಲ್ಲ.

ಆದರೆ ತೋಳು ಮಾತ್ರ ಪ್ರೋನಿಯ ಕಾಲದ್ದೇ. ತೂಕದ ಬಟ್ಟಿನ ಜಾಗದಲ್ಲಿ ಲೋಡ್ ಸೆಲ್ ಬಂದಿದೆ. ಕೂದಲೆಳೆಯಷ್ಟು ಬಾಗುವ ಲೋಹದ ತುಂಡು ಅದು. ಬಾಗಿದಾಗ ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಅದು ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನ ನನಗೆ ಬಹಳ ಹಿಡಿಸಿತು. ಒಂದು ಮೀಟರ್ ಉದ್ದದ ತೋಳಿನ ತುದಿಗೆ ಪ್ರಮಾಣೀಕರಿಸಿದ 20 ಕಿಲೊ ಬಟ್ಟನ್ನು ತೂಗುಹಾಕುವುದು, ಪರದೆ 196 ನ್ಯೂಟನ್ ಮೀಟರ್ ತೋರಿಸುತ್ತದೆಯೇ ಎಂದು ನೋಡುವುದು. ಲಕ್ಷಗಟ್ಟಲೆ ಬೆಲೆಯ ಯಂತ್ರದ ಸತ್ಯ ಒಂದು ಕಬ್ಬಿಣದ ಬಟ್ಟಿನ ಮೇಲೆ ನಿಂತಿದೆ.

ಹೀಗೆ ಡೈನೊ ಅಳೆಯುವುದು ಎರಡನ್ನೇ: ಬಲ ಮತ್ತು ವೇಗ. ಅಶ್ವಶಕ್ತಿಯನ್ನು ಯಾವ ಡೈನೊವೂ ಅಳೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯುತ್ತದೆ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೊವ್ಯಾಟ್. 100 ನ್ಯೂಟನ್ ಮೀಟರ್ ಬಲವನ್ನು 3,000 ಆರ್‌ಪಿಎಂನಲ್ಲಿ ಕೊಡುವ ಎಂಜಿನ್ನಿನ ಶಕ್ತಿ 31 ಕಿಲೊವ್ಯಾಟ್. ಅದೇ ಬಲವನ್ನು 6,000ದಲ್ಲೂ ಉಳಿಸಿಕೊಂಡರೆ 63, ಅಂದರೆ ಸುಮಾರು 85 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ). ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವುದು ಈ ಕೊನೆಯ ಅಂಕಿ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಯಾರೂ 6,000 ಆರ್‌ಪಿಎಂಗೆ ಹೋಗುವುದಿಲ್ಲ. ಗಿರಾಕಿ 'ಪಿಕಪ್ ಇಲ್ಲ' ಎಂದು ದೂರುವುದು 2,000ದ ಸುತ್ತಮುತ್ತಲಿನ ಟಾರ್ಕಿನ ಬಗ್ಗೆ. ಒಂದು ತುದಿಯ ಅಂಕಿಗಿಂತ ಇಡೀ ಗೆರೆಯ ಆಕಾರ ನೋಡಬೇಕು. ರೋಲರಿನ ಮೇಲೆ ಅಳೆದದ್ದು ಚಕ್ರಕ್ಕೆ ತಲುಪಿದ ಶಕ್ತಿ ಎಂಬುದೂ ನೆನಪಿರಬೇಕು. ಗೇರ್‌ಬಾಕ್ಸು, ಬೇರಿಂಗು, ಟೈರು ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತವೆ.

ಇನ್ನು ಗೋಡೆಯ ಮೇಲಿನ ಒತ್ತಡಮಾಪಕ.

ಪೆಟ್ರೋಲ್ ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಪೆಟ್ರೋಲಲ್ಲ, ಗಾಳಿ. ಇಂಧನವನ್ನು ಬೇಕಾದಷ್ಟು ಚಿಮ್ಮಿಸಬಹುದು. ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನು ಮಾತ್ರ ಪಿಸ್ಟನ್ನು ಹೊರಗಿನಿಂದ ಎಳೆದುಕೊಳ್ಳಬೇಕು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 1.2 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ತೆಗೆದುಕೊಳ್ಳಿ. ಪ್ರತಿ ಸಿಲಿಂಡರಿಗೆ 0.3 ಲೀಟರು. ಸಮುದ್ರಮಟ್ಟದಲ್ಲಿ, 25 ಡಿಗ್ರಿಯ ಗಾಳಿ ಅದನ್ನು ಪೂರ್ತಿ ತುಂಬಿದರೆ ಸುಮಾರು 0.35 ಗ್ರಾಂ ಗಾಳಿ; ಜೊತೆಗೆ 24 ಮಿಲಿಗ್ರಾಂ ಪೆಟ್ರೋಲು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಒತ್ತಡ 101 ಕಿಲೊಪಾಸ್ಕಲ್ ಅಲ್ಲ, 91ರ ಆಸುಪಾಸು. ಅದೇ ಸಿಲಿಂಡರಿಗೆ ಇಲ್ಲಿ ಸಿಗುವುದು 0.32 ಗ್ರಾಂ ಗಾಳಿ, ಅದಕ್ಕೆ ಹೊಂದುವ ಪೆಟ್ರೋಲು 22 ಮಿಲಿಗ್ರಾಂ. ಮಂಗಳೂರಿನಲ್ಲಿ ಓಡುವ ಕಾರಿಗಿಂತ ರಾಜಾಜಿನಗರದ ಕಾರು ಹತ್ತನೇ ಒಂದು ಭಾಗ ಕಡಿಮೆ ಉಸಿರಾಡುತ್ತಿದೆ. ತಂಪಾದ ಹವೆಯ ಊರೆಂದು ನಾವು ಹೆಮ್ಮೆಪಡುವ ಅದೇ ಎತ್ತರ ಎಂಜಿನ್ನಿನಿಂದ ವಸೂಲು ಮಾಡುವ ಕಂದಾಯ ಇದು. ವೃಷಭಾವತಿಯ ಕಣಿವೆ ಹಿಡಿದು ನಾಯಂಡಹಳ್ಳಿ ದಾಟಿ ಕೆಂಗೇರಿಯತ್ತ ಇಳಿದರೆ ಕೊಂಚ ವಾಪಸು ಸಿಗುತ್ತದೆ. 100 ಮೀಟರ್ ಇಳಿತಕ್ಕೆ ಒತ್ತಡ ಸುಮಾರು ಒಂದು ಕಿಲೊಪಾಸ್ಕಲ್ ಏರುತ್ತದೆ.

ಹಾಗಾದರೆ ಚೆನ್ನೈನ ಡೈನೊದ ಅಂಕಿಯನ್ನೂ ಬೆಂಗಳೂರಿನ ಡೈನೊದ ಅಂಕಿಯನ್ನೂ ಅಕ್ಕಪಕ್ಕ ಇಡುವುದು ಹೇಗೆ? ಅದಕ್ಕೆಂದೇ ತಿದ್ದುಪಡಿಯ ಸೂತ್ರಗಳಿವೆ. ಐಎಸ್‌ಒ 1585 ಎಂಬ ಅಂತರರಾಷ್ಟ್ರೀಯ ಮಾನಕ 25 ಡಿಗ್ರಿ ಉಷ್ಣತೆ, ನೀರಾವಿಯ ಪಾಲನ್ನು ಕಳೆದ ಮೇಲೆ 99 ಕಿಲೊಪಾಸ್ಕಲ್ ಒತ್ತಡ ಇರುವ ಗಾಳಿಯನ್ನು ಆಧಾರವಾಗಿಟ್ಟುಕೊಳ್ಳುತ್ತದೆ. ಅಳೆದ ದಿನದ ಗಾಳಿ ಅದಕ್ಕಿಂತ ತೆಳುವಾಗಿದ್ದರೆ ಫಲಿತಾಂಶವನ್ನು ಒಂದು ಗುಣಕದಿಂದ ಹಿಗ್ಗಿಸಬೇಕು. ಚೆನ್ನೈನ ಒಂದು ಸಾಮಾನ್ಯ ದಿನಕ್ಕೆ ನಾನು ಲೆಕ್ಕ ಹಾಕಿದಾಗ ಗುಣಕ 1.02ರ ಸುತ್ತ ಬಂತು. ಬೆಂಗಳೂರಿನ 27 ಡಿಗ್ರಿಯ ದಿನಕ್ಕೆ ಅದು 1.13. ಇಲ್ಲಿ ಅಳೆದ 60 ಕಿಲೊವ್ಯಾಟನ್ನು ಕಾಗದದ ಮೇಲೆ 68 ಎಂದು ಬರೆಯಬೇಕು.

ಇಲ್ಲಿದೆ ನಾವು ಗಮನವಿಟ್ಟು ಓದಬೇಕಾದ ಸಾಲು. ಅದೇ ಮಾನಕ, ಗುಣಕವು 0.93 ಮತ್ತು 1.07ರ ನಡುವೆ ಇದ್ದಾಗ ಮಾತ್ರ ಈ ಸೂತ್ರ ಅನ್ವಯವಾಗುತ್ತದೆ ಎನ್ನುತ್ತದೆ. ಆಚೆ ಹೋದರೆ ಪರೀಕ್ಷೆಯ ಸ್ಥಿತಿಗತಿಯನ್ನು ವರದಿಯಲ್ಲಿ ನಿಖರವಾಗಿ ಬರೆಯಬೇಕು. ಬೆಂಗಳೂರಿನ ಗಾಳಿ ಆ ಗೆರೆಯ ಹೊರಗಿದೆ. ಕಾರ್ಖಾನೆಗಳ ಪರೀಕ್ಷಾ ಕೊಠಡಿಗಳು ಗಾಳಿಯ ಒತ್ತಡ, ಉಷ್ಣತೆಗಳನ್ನೇ ಹದಗೊಳಿಸಿ ಒಳಬಿಡಬಲ್ಲವು. ಶೀಟಿನ ಶೆಡ್ಡಿಗೆ ಆ ಅನುಕೂಲವಿಲ್ಲ. ಹಾಗಾಗಿ ಈ ನಗರದ ಯಾವ ಡೈನೊ ಚೀಟಿಯಲ್ಲೇ ಆಗಲಿ, ತಿದ್ದದ ಅಂಕಿ, ತಿದ್ದಿದ ಅಂಕಿ, ಒತ್ತಡ, ಉಷ್ಣತೆ ಎಲ್ಲವೂ ಇರಬೇಕು ಎಂದು ನಾನು ಕೇಳುತ್ತೇನೆ. ಬರಿ ಒಂದು ಅಂಕಿ ಬರೆದು ಕೊಟ್ಟರೆ ಅದು ಅಳತೆಯೇ ಅಲ್ಲ.

ಟರ್ಬೊ ಎಂಜಿನ್ನಿಗೆ ಬಂದರೆ ಮೋಸ ಹೋಗುವುದು ಇನ್ನೂ ಸುಲಭ. ಟರ್ಬೊ ಹೊರಗಿನ ಗಾಳಿಯನ್ನು ಒತ್ತಿ ತುಂಬುತ್ತದೆ, ಕಂಪ್ಯೂಟರು ಒಳಗಿನ ಒತ್ತಡವನ್ನು ಗುರಿಯ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಹೊರಗೆ 91 ಇದ್ದರೇನು, 101 ಇದ್ದರೇನು, ಟರ್ಬೊಗೆ ತ್ರಾಣ ಇರುವವರೆಗೆ ಸಿಲಿಂಡರಿಗೆ ತಲುಪುವ ಗಾಳಿ ಹೆಚ್ಚೂಕಡಿಮೆ ಅಷ್ಟೇ. ಆ ಕಾರು ಬೆಂಗಳೂರಿನಲ್ಲಿ ಕಳೆದುಕೊಂಡದ್ದೇ ಸ್ವಲ್ಪ. ಅದರ ಫಲಿತಾಂಶಕ್ಕೂ 1.13ರ ಗುಣಕ ಹಾಕಿದರೆ ಇಲ್ಲದ ಕುದುರೆಗಳು ಕಾಗದದ ಮೇಲೆ ಹುಟ್ಟಿಕೊಳ್ಳುತ್ತವೆ.

ಗಾಳಿ ಇಷ್ಟೆಂದು ಗೊತ್ತಾದ ಮೇಲೆ ಅದಕ್ಕೆ ಪೆಟ್ರೋಲು ಬೆರೆಸುವ ಪ್ರಶ್ನೆ. ಹಳೆಯ ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್ಕುಗಳು ಇದಕ್ಕೆ ಪ್ಲಗ್ ಬಿಚ್ಚಿ ನೋಡುತ್ತಿದ್ದರು. ತುದಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ, ತೆಳು ಕಂದು ಬಣ್ಣವಿದ್ದರೆ ಸರಿ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ ಕಂಪನಿಯ ಪ್ಲಗ್ಗುಗಳ ಮೇಲೆ ಈ ಊರಿನ ಎಷ್ಟೋ ಕೈಗಳು ಹೀಗೆ ಓದು ಕಲಿತಿವೆ. ವಿಜಯನಗರದ ಹಿರಿಯರು ಕಾರ್ಯಾಗಾರದಲ್ಲೂ ಒಂದು ಪ್ಲಗ್ ಬಿಚ್ಚಿ ತಿರುಗಿಸಿ ನೋಡಿ, "ಸ್ವಲ್ಪ ರಿಚ್ ಐತೆ" ಎಂದರು, ಅಂದರೆ ಪೆಟ್ರೋಲು ಕೊಂಚ ಜಾಸ್ತಿ. ಹೊಗೆ ಕೊಳವೆಗೆ ಕೂರಿಸಿದ್ದ ಲ್ಯಾಂಬ್ಡಾ ಸಂವೇದಕವೂ ಅದನ್ನೇ ಹೇಳುತ್ತಿತ್ತು. ಕಣ್ಣು ಹೇಳಿದ್ದನ್ನು ಸಂವೇದಕ ಎಷ್ಟು ಎಂದು ಅಂಕಿಯಲ್ಲಿ ಹೇಳುತ್ತದೆ, ಅದೂ ಪ್ರತಿ ಕ್ಷಣ.

ಈ ಸಂವೇದಕವನ್ನು ಬಾಷ್ ಕಂಪನಿ 1976ರಲ್ಲಿ ಮೊದಲ ಬಾರಿಗೆ ವೋಲ್ವೊ ಕಾರುಗಳಿಗಾಗಿ ತಯಾರಿಸಿತು. ಜಿರ್ಕೋನಿಯದ ಪಿಂಗಾಣಿ ಬಿಸಿಯಾದಾಗ ಆಮ್ಲಜನಕದ ಅಯಾನುಗಳು ಅದರ ಮೂಲಕ ದಾಟುತ್ತವೆ. ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ಇದ್ದರೆ ಎರಡರ ಆಮ್ಲಜನಕದ ವ್ಯತ್ಯಾಸ ವೋಲ್ಟೇಜಾಗಿ ಕಾಣುತ್ತದೆ. ಮಿಶ್ರಣ ಲೆಕ್ಕಕ್ಕೆ ಸರಿಯಾಗಿದ್ದರೆ ಲ್ಯಾಂಬ್ಡಾ 1. ಸೈಲೆನ್ಸರಿನ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ವಿಷಾನಿಲಗಳನ್ನು ಚೆನ್ನಾಗಿ ತೊಳೆಯುವುದು ಲ್ಯಾಂಬ್ಡಾ ಈ ಒಂದರ ಆಸುಪಾಸಿನಲ್ಲಿ ಇದ್ದಾಗ ಮಾತ್ರ. ಹೆಚ್ಚಿನ ಶಕ್ತಿ ಸಿಗುವುದಾದರೋ 0.85ರಿಂದ 0.9ರ ನಡುವೆ, ಅಂದರೆ ಕೊಂಚ ಜಾಸ್ತಿ ಪೆಟ್ರೋಲಿನಲ್ಲಿ. ಒಳಬಂದ ಆಮ್ಲಜನಕ ಒಂದಿಷ್ಟೂ ವ್ಯರ್ಥವಾಗದಂತೆ. ಟ್ಯೂನ್ ಮಾಡುವವನ ಮುಂದಿನ ನಿಜವಾದ ಆಯ್ಕೆ ಇದು. ಪೂರ್ತಿ ಆಕ್ಸಿಲರೇಟರ್ ಒತ್ತಿದ ಕೆಲವು ಸೆಕೆಂಡುಗಳಿಗೆ ಬೇಕಾದದ್ದನ್ನು ದಿನವಿಡೀ ಓಡುವ ಭಾಗಕ್ಕೂ ಹರಡಿದರೆ ಊರು ಕಾರ್ಬನ್ ಮಾನಾಕ್ಸೈಡ್ ಕುಡಿಯಬೇಕಾಗುತ್ತದೆ. 2020ರ ಏಪ್ರಿಲ್ 1ರಿಂದ ದೇಶವಿಡೀ ಜಾರಿಯಾದ ಬಿಎಸ್ 6 ಹೊಗೆ ನಿಯಮಗಳು ನಮ್ಮ ಶ್ವಾಸಕೋಶಕ್ಕಾಗಿ ಬಂದವು. ಕನ್ವರ್ಟರ್ ಕಿತ್ತುಹಾಕಿ ಶಕ್ತಿ ಹೆಚ್ಚಿಸಿದೆ ಎನ್ನುವವರ ಕೆಲಸವನ್ನು ನಾನು ಟ್ಯೂನಿಂಗ್ ಎಂದು ಕರೆಯಲಾರೆ. ಕಾನೂನೂ ಅದರ ಪರವಾಗಿಲ್ಲ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ರೇಸಿನ ಟ್ರ್ಯಾಕಿಗೆಂದು ಮಾಡಿದ ಎಂಜಿನ್ನು ಟ್ರ್ಯಾಕಿನಲ್ಲೇ ಇರಲಿ.

ಮಿಶ್ರಣಕ್ಕಿಂತ ಸೂಕ್ಷ್ಮವಾದದ್ದು ಕಿಡಿಯ ಸಮಯ. ಪೆಟ್ರೋಲು ಸಿಲಿಂಡರಿನಲ್ಲಿ ಒಮ್ಮೆಗೇ ಸಿಡಿಯುವುದಿಲ್ಲ. ಕಿಡಿ ಹಾರಿದ ಜಾಗದಿಂದ ಜ್ವಾಲೆ ಗೋಡೆಯತ್ತ ಹಬ್ಬುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿಸಬೇಕು. ತುದಿ ಮುಟ್ಟಿ ಇಳಿಯತೊಡಗಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಒತ್ತಡ ಶಿಖರಕ್ಕೇರಿದರೆ ಪಿಸ್ಟನ್ನು ತಿರುಗಿಸುವ ಕ್ರ್ಯಾಂಕ್ ದಂಡಕ್ಕೆ ಅತಿ ಹೆಚ್ಚು ತಳ್ಳು ಸಿಗುತ್ತದೆ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕು ಒಂದು ಡಿಗ್ರಿ ತಿರುಗಲು ಬೇಕಾದ ಕಾಲ ಸೆಕೆಂಡಿನ 36,000ದ ಒಂದು ಭಾಗ. ಕಿಡಿಯನ್ನು 30 ಡಿಗ್ರಿ ಮುಂಚೆ ಹಾರಿಸಿದರೂ ಜ್ವಾಲೆಗೆ ಸಿಗುವ ಮುಂಗಡ ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

ಸರಿಯಾದ ಡಿಗ್ರಿ ಯಾವುದೆಂದು ಪುಸ್ತಕ ಹೇಳಲಾರದು, ಎಂಜಿನ್ನೇ ಹೇಳಬೇಕು. ಅಯಸ್ಕಾಂತದ ತಡೆಯುಳ್ಳ ಡೈನೊದ ಬೆಲೆ ತಿಳಿಯುವುದು ಇಲ್ಲೇ. ಬರಿ ಭಾರವಾದ ರೋಲರನ್ನು ತಿರುಗಿಸುವ ಡೈನೊದಲ್ಲಿ ವೇಗ ಏರುತ್ತಲೇ ಹೋಗುತ್ತದೆ. ತಡೆಯುಳ್ಳದ್ದರಲ್ಲಿ ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಎಂಜಿನ್ನನ್ನು 3,000 ಆರ್‌ಪಿಎಂನಲ್ಲೇ ಕಟ್ಟಿಹಾಕಿ ನಿಧಾನವಾಗಿ ಪ್ರಶ್ನೆ ಕೇಳಬಹುದು. ಕಿಡಿಯನ್ನು ಎರಡೆರಡು ಡಿಗ್ರಿ ಇನ್ನಷ್ಟು ಮುಂಚೆ ಹಾರಿಸುತ್ತ ಬಂದಂತೆ ಟಾರ್ಕು ಮೊದಲು ಧಾರಾಳವಾಗಿ ಏರಿತು, ಆಮೇಲೆ ಜಿಪುಣತನದಿಂದ ಏರಿತು, ಕೊನೆಗೆ ಅಲ್ಲಾಡದೆ ನಿಂತಿತು. "ಇನ್ನೂ ಎರಡು ಕೊಡಿ ಸರ್, ನೋಡೋಣ," ಎಂದ ಕಾಲೇಜಿನ ಹುಡುಗ. ಯುವಕ ಕೊಡಲಿಲ್ಲ. ಟಾರ್ಕು ಏರುವುದು ನಿಂತ ಮೇಲೆ ಮುಂದೆ ಹೋದರೆ ಲಾಭ ಸೊನ್ನೆ, ಸಿಲಿಂಡರಿನ ಒತ್ತಡ ಮಾತ್ರ ಏರುತ್ತದೆ.

ಒತ್ತಡ ಮಿತಿ ಮೀರಿದರೆ ನಾಕಿಂಗ್. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ; ಆ ಹೊಡೆತಕ್ಕೆ ಸಿಲಿಂಡರಿನೊಳಗಿನ ಅನಿಲವೇ ಝಣಗುಡುತ್ತದೆ. 80 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 7,000 ಸಲ. ಎಂಜಿನ್ನಿಗೆ ತಿರುಗಿಸಿ ಕೂರಿಸಿದ ಸಂವೇದಕ ಈ ಕಂಪನಕ್ಕೆಂದೇ ಕಿವಿಗೊಟ್ಟಿರುತ್ತದೆ. ಅದರ ಸಂಕೇತವನ್ನು ಹೆಡ್‌ಫೋನಿಗೆ ಹರಿಸಿ ನಮಗೂ ಕೇಳಿಸಿದರು. ಎಂಜಿನ್ನಿನ ಒಟ್ಟು ಗದ್ದಲದ ನಡುವೆ ಒಣ ಕಡ್ಡಿ ಮುರಿದಂಥ ಚಿಟಿಚಿಟಿ. ಹೆಚ್ಚು ಹೊತ್ತು ಬಿಟ್ಟರೆ ಪಿಸ್ಟನ್ನಿನ ಅಂಚು ಕಿತ್ತುಬರುತ್ತದೆ. ಇಂಧನದ ಆಕ್ಟೇನ್ ಸಂಖ್ಯೆ ಹೇಳುವುದು ಈ ತಾಳಿಕೆಯನ್ನೇ.

ಬೆಂಗಳೂರಿನ ಗಾಳಿ ಇಲ್ಲೂ ತಲೆಹಾಕುತ್ತದೆ. ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆಯಾದ್ದರಿಂದ ಒತ್ತಡವೂ ಕಡಿಮೆ, ನಾಕಿಂಗೂ ಕಡಿಮೆ. ಅಮೆರಿಕದ ಬೆಟ್ಟದ ರಾಜ್ಯಗಳಲ್ಲಿ 85 ಆಕ್ಟೇನಿನ ಪೆಟ್ರೋಲು ಮಾರಲು ಸಾಧ್ಯವಾದದ್ದು ಇದೇ ಕಾರಣಕ್ಕೆ. ರಾಜಾಜಿನಗರದ ಶೆಡ್ಡಿನಲ್ಲಿ ಎಂಜಿನ್ನು ಸಾಧು ಪ್ರಾಣಿಯಂತೆ ವರ್ತಿಸಿ, ಕಿಡಿಯನ್ನು ಎಷ್ಟು ಮುಂಚೆ ಹಾರಿಸಿದರೂ ತೆಪ್ಪಗಿರಬಹುದು. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಲಿ. ಗಾಳಿ ಹತ್ತನೇ ಒಂದರಷ್ಟು ಹೆಚ್ಚು ದಟ್ಟ, ಹೊರಗೆ ಕರಾವಳಿಯ ಸೆಕೆ, ಸಿಲಿಂಡರಿನೊಳಗೆ ಬೆಂಗಳೂರಿನಲ್ಲಿ ಎಂದೂ ಕಾಣದ ಒತ್ತಡ.

ಎಂದೂ ಕಾಣದ ಎಂದದ್ದು ಅಕ್ಷರಶಃ. ಎಂಜಿನ್ನಿನ ಕಂಪ್ಯೂಟರಿನೊಳಗೆ ಮ್ಯಾಪ್ ಎಂಬ ಕೋಷ್ಟಕವಿರುತ್ತದೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಗಾಳಿಕೊಳವೆಯ ಒತ್ತಡ. 16 ಅಡ್ಡ, 16 ಉದ್ದವಾದರೆ 256 ಮನೆಗಳು. ಪ್ರತಿ ಮನೆಗೂ ಒಂದು ಅಂಕಿ: ಈ ವೇಗ, ಈ ಒತ್ತಡದಲ್ಲಿ ಇಷ್ಟು ಗಾಳಿ ತುಂಬುತ್ತದೆ, ಕಿಡಿ ಇಷ್ಟು ಡಿಗ್ರಿ ಮುಂಚೆ. ಡೈನೊದ ಮೇಲೆ ಒಂದೊಂದೇ ಮನೆಯಲ್ಲಿ ಎಂಜಿನ್ನನ್ನು ನಿಲ್ಲಿಸಿ ಅಂಕಿ ತುಂಬುತ್ತ ಹೋಗಬೇಕು. ಟರ್ಬೊ ಇಲ್ಲದ ಎಂಜಿನ್ನಿನ ಗಾಳಿಕೊಳವೆಯಲ್ಲಿ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ ನಿಲ್ಲಲಾರದು. ಆದ್ದರಿಂದ ಬೆಂಗಳೂರಿನಲ್ಲಿ 91 ಕಿಲೊಪಾಸ್ಕಲ್ಲಿನವರೆಗಿನ ಸಾಲುಗಳನ್ನು ಮಾತ್ರ ಮುಟ್ಟಬಹುದು. 95, 100ರ ಸಾಲುಗಳು ಕೋಷ್ಟಕದಲ್ಲಿವೆ, ಆದರೆ ಈ ಊರಿನಲ್ಲಿ ಕೂತು ಅವನ್ನು ತಲುಪುವ ದಾರಿಯೇ ಇಲ್ಲ. ನಾಕಿಂಗಿನ ಅಪಾಯ ಅತಿ ಹೆಚ್ಚಿರುವುದೂ ಆ ಸಾಲುಗಳಲ್ಲೇ. ಪರದೆಯ ಮೇಲೆ ಆ ಮನೆಗಳನ್ನು ಬೆರಳಿಟ್ಟು ತೋರಿಸಿದಾಗ ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಕೆಳಗಿನ ಸಾಲುಗಳ ಒಲವನ್ನು ನೋಡಿ ಮೇಲಿನವನ್ನು ಊಹಿಸಬೇಕು, ಊಹೆಯ ಮೇಲೂ ಕಿಡಿಯನ್ನು ಒಂದೆರಡು ಡಿಗ್ರಿ ತಡಮಾಡಿ ಬಿಡಬೇಕು, ಸಾಧ್ಯವಾದರೆ ಕಾರನ್ನು ತಗ್ಗಿನ ಊರಿಗೊಯ್ದು ಲಾಗ್ ತೆಗೆದು ನೋಡಬೇಕು. ಇಡೀ ಕಾರ್ಯಾಗಾರದಲ್ಲಿ ನಾನು ಕಲಿತ ಅತಿ ಮುಖ್ಯ ಸಂಗತಿ ಇದೇ: ಈ ಊರಿನ ಡೈನೊ ಯಾವುದನ್ನು ತೋರಿಸಲಾರದು ಎಂಬುದು.

ಮೈಸೂರು ರಸ್ತೆಯ ಹುಡುಗರಿಗೆ ಇದು ಪರೀಕ್ಷೆಯ ಪ್ರಶ್ನೆಗಿಂತ ಹತ್ತಿರದ ವಿಷಯ. ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಕಾರು ಕಟ್ಟುವ ವಿದ್ಯಾರ್ಥಿ ತಂಡಗಳು ಈ ಭಾಗದಲ್ಲಿ ಬೆಳೆದಿವೆ. ಆ ಸ್ಪರ್ಧೆಯ ನಿಯಮವೊಂದು ಭೌತವಿಜ್ಞಾನದ ಸೊಗಸಾದ ಪಾಠ. ಎಂಜಿನ್ನು 710 ಸಿಸಿವರೆಗೆ ಇರಬಹುದು, ಆದರೆ ಅದಕ್ಕೆ ಹೋಗುವ ಗಾಳಿಯಷ್ಟೂ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯ ಮೂಲಕ ನುಗ್ಗಬೇಕು. ಎಂಜಿನ್ನು ಜೋರಾಗಿ ಎಳೆದಂತೆ ಕಂಡಿಯಲ್ಲಿ ಗಾಳಿಯ ವೇಗ ಏರುತ್ತದೆ. ಶಬ್ದದ ವೇಗ ಮುಟ್ಟಿತೋ, ಅಲ್ಲಿಗೆ ಮುಗಿಯಿತು. ಆಚೆ ಎಷ್ಟು ಹೀರಿದರೂ ಆ ಸುದ್ದಿ ಈಚೆಗೆ ದಾಟುವುದಿಲ್ಲ, ಏಕೆಂದರೆ ಒತ್ತಡದ ಸುದ್ದಿ ಸಾಗುವುದೂ ಶಬ್ದದ ವೇಗದಲ್ಲೇ. ಸಮುದ್ರಮಟ್ಟದಲ್ಲಿ ಈ ಕಂಡಿ ಬಿಡುವ ಗಾಳಿ ಸೆಕೆಂಡಿಗೆ ಹೆಚ್ಚೆಂದರೆ 74 ಗ್ರಾಂ. ಬೆಂಗಳೂರಿನಲ್ಲಿ 67. ಜರ್ಮನಿಯ ಸ್ಪರ್ಧೆ ನಡೆಯುವ ಹಾಕೆನ್‌ಹೈಮ್ ಸಮುದ್ರಮಟ್ಟಕ್ಕಿಂತ ನೂರು ಮೀಟರಿನಷ್ಟು ಮೇಲಿದೆ, ಫಾರ್ಮುಲಾ ಭಾರತ್ ನಡೆಯುವ ಕೊಯಮತ್ತೂರಿನ ಕರಿ ಟ್ರ್ಯಾಕು ಸುಮಾರು 400 ಮೀಟರ್. ಇಲ್ಲಿ ಹೊಂದಿಸಿಕೊಂಡ ಮ್ಯಾಪು ಎರಡೂ ಕಡೆ ಹೊಸ ಸಾಲುಗಳಿಗೆ ಕಾಲಿಡುತ್ತದೆ.

ಇಂಧನವೂ ಈಗ ಬದಲಾಗಿದೆ. ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥೆನಾಲಿನ ಅಣುವಿನಲ್ಲೇ ಆಮ್ಲಜನಕವಿದೆ, ಆದ್ದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಒಂದು ಪಾಲಿಗೆ 9 ಪಾಲು. ಬೆರೆತ ಇಂಧನಕ್ಕೆ 14.7 ಹೋಗಿ 13.5ರ ಸುತ್ತ ಬರುತ್ತದೆ. ಒಂದು ಲೀಟರಿನಲ್ಲಿರುವ ಉಷ್ಣ ಶೇಕಡ 7ರಷ್ಟು ಕಡಿಮೆಯಾಗುತ್ತದೆ, ಮೈಲೇಜು ಇಳಿಯುವುದು ಅದಕ್ಕೇ. ಶಕ್ತಿಯೂ ಇಳಿಯಬೇಕಲ್ಲವೇ ಎಂದು ಸಾಫ್ಟ್‌ವೇರಿನವರು ಕೇಳಿದರು. ಇಳಿಯುವುದಿಲ್ಲ. ಒಂದು ಕಿಲೊ ಗಾಳಿಯ ಜೊತೆ ಉರಿಯಬಲ್ಲ ಪೆಟ್ರೋಲು ಕೊಡುವ ಉಷ್ಣಕ್ಕೂ ಅಷ್ಟೇ ಗಾಳಿಯ ಜೊತೆ ಉರಿಯಬಲ್ಲ ಎಥೆನಾಲು ಕೊಡುವ ಉಷ್ಣಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಂಧನವನ್ನು ಅಷ್ಟು ಜಾಸ್ತಿ ಚಿಮ್ಮಿಸಿದರಾಯಿತು, ಮತ್ತೆ ಮಿತಿ ಹಾಕುವುದು ಗಾಳಿಯೇ. ಮೇಲಾಗಿ ಎಥೆನಾಲು ನಾಕಿಂಗನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಈ ಇಂಧನದ ಮಾನಕದಲ್ಲಿ ಕನಿಷ್ಠ ಆಕ್ಟೇನ್ 95, ಸಾಮಾನ್ಯ ಪೆಟ್ರೋಲಿಗೆ 91. ಇಂಧನದ ಕೊಳವೆ, ರಬ್ಬರುಗಳು ಇದಕ್ಕೆಂದೇ ತಯಾರಾದ ಕಾರಿನಲ್ಲಿ ಟ್ಯೂನ್ ಮಾಡುವವನಿಗೆ ಇದು ವರವೇ ಸರಿ.

ವಿದ್ಯುತ್ ಕಾರು ಬಂದ ಮೇಲೆ ಈ ವಿದ್ಯೆ ಏನಾಗುತ್ತದೆ ಎಂಬ ಪ್ರಶ್ನೆಯೂ ಬಂತು. ಕೇಳಬೇಕಾದ ಊರೇ ಇದು. 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿದದ್ದು ಇಲ್ಲಿಂದಲೇ. ಡೈನೊ ಎಲ್ಲಿಗೂ ಹೋಗುವುದಿಲ್ಲ. ವಿದ್ಯುತ್ ಮೋಟಾರಿಗೂ ಟಾರ್ಕಿದೆ, ವೇಗವಿದೆ, ಗೆರೆಯಿದೆ. ಬ್ಯಾಟರಿಯ ಬಿಸಿ, ಇನ್ವರ್ಟರಿನ ಕರೆಂಟು ಮುಂತಾದ ಹೊಸ ಪ್ರಶ್ನೆಗಳಿವೆ. ಇಲ್ಲವಾಗುವುದು ತಿದ್ದುಪಡಿಯ ಗುಣಕ. ಮೋಟಾರು ಉಸಿರಾಡುವುದಿಲ್ಲ, ಮಂಗಳೂರಿನಲ್ಲಿ ಕೊಟ್ಟ ಟಾರ್ಕನ್ನೇ ರಾಜಾಜಿನಗರದಲ್ಲೂ ಕೊಡುತ್ತದೆ. ಹೊಸ ಬಗೆಯ ಡೈನೊಗಳಲ್ಲಿ ತಡೆಯುವ ಭಾಗವೇ ಒಂದು ವಿದ್ಯುತ್ ಮೋಟಾರು: ಎಂಜಿನ್ನಿನ ಶಕ್ತಿಯನ್ನು ಹೀರಿ ಕರೆಂಟಾಗಿಸಿ ವಾಪಸು ತಂತಿಗೆ ಕೊಡುತ್ತದೆ, ಬೇಕಾದಾಗ ಎಂಜಿನ್ನನ್ನೇ ತಿರುಗಿಸಿ ಅದರ ಘರ್ಷಣೆಯನ್ನೂ ಅಳೆಯುತ್ತದೆ. 1946ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮಲ್ಲೇಶ್ವರ ಮತ್ತು ರಾಜಾಜಿನಗರದ ಅಂಚಿನ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದ ಮೋಟಾರುಗಳ ವಂಶದ್ದೇ ಇದು. ಇಂಥ ಕೈಗಾರಿಕಾ ಮೋಟಾರಿಗೆ ಎತ್ತರ ಕಾಡುವುದು ಒಂದೇ ರೀತಿಯಲ್ಲಿ. ತೆಳು ಗಾಳಿ ಅದರ ಬಿಸಿಯನ್ನು ಅಷ್ಟು ಚೆನ್ನಾಗಿ ಹೊತ್ತೊಯ್ಯುವುದಿಲ್ಲ. ಅದಕ್ಕೂ ಐಇಸಿ 60034 ಎಂಬ ಮಾನಕವಿದೆ, ಅದಕ್ಕೂ ಒಂದು ಮಿತಿಯಿದೆ: ಸಮುದ್ರಮಟ್ಟದಿಂದ 1,000 ಮೀಟರಿನವರೆಗೆ ಮೋಟಾರಿನ ನಮೂದಿತ ಶಕ್ತಿಯನ್ನು ಕಡಿತವಿಲ್ಲದೆ ಪಡೆಯಬಹುದು. ಎಂಜಿನ್ನಿನ ಮಾನಕದ ಗೆರೆಯಾಚೆ ಉಳಿದ ಬೆಂಗಳೂರು ಈ ಗೆರೆಯೊಳಗೆ 80 ಮೀಟರಿನ ಅಂತರದಲ್ಲಿ ಸೇರಿಕೊಳ್ಳುತ್ತದೆ.